ಕಾರ್ಖಾನೆಯ ಪೈಪ್‌ಲೈನಿಗೆ ಭೂಕಂಪ ತಪಾಸಣೆ: ಮೂರು ಹಂಗಾಮು ಕಳೆದ ಮೇಲೆ

ವಿಜಯಪುರ ಜಿಲ್ಲೆಯ ಒಂದು ಸಕ್ಕರೆ ಕಾರ್ಖಾನೆಯಲ್ಲಿ ನಾನು ಮೆಂಟೆನೆನ್ಸ್ ನೋಡಿಕೊಳ್ಳುತ್ತೇನೆ. 2021ರಲ್ಲಿ ನಮ್ಮ ಕಡೆ ಮೇಲಿಂದ ಮೇಲೆ ಭೂಮಿ ನಡುಗಿತು. ಸಣ್ಣ ಕಂಪನಗಳೇ, ನಿಜ. ಆದರೆ 1993ರ ಸೆಪ್ಟೆಂಬರ್ 30ರಂದು ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ ಆದ ಭೂಕಂಪವನ್ನು ಈ ಭಾಗದ ಹಿರಿಯರು ಇನ್ನೂ ಮರೆತಿಲ್ಲ. ನೆಟ್ಟಗೆ ಅಳೆದರೆ ಕಿಲ್ಲಾರಿ ವಿಜಯಪುರದಿಂದ ಸುಮಾರು 160 ಕಿ.ಮೀ. ಅಷ್ಟೇ. ಭೂಕಂಪ ತಡೆಯುವ ಕಟ್ಟಡಗಳಿಗಾಗಿ ಇರುವ ಭಾರತೀಯ ಮಾನಕ ಐಎಸ್ 1893ರ 2016ರ ನಕ್ಷೆಯಲ್ಲೂ ವಿಜಯಪುರ ಮೂರನೇ ವಲಯದಲ್ಲಿದೆ, ಅಂದರೆ ಮಧ್ಯಮ ಅಪಾಯದ ವಲಯ. ಅದಕ್ಕೇ ಮರುವರ್ಷ ಹಂಗಾಮು ಮುಗಿದ ಕೂಡಲೇ, ಭೂಕಂಪವಾದರೆ ನಮ್ಮ ಪೈಪುಗಳು ತಡೆಯುತ್ತವೆಯೇ ಎಂದು ಈ ತಪಾಸಣೆ ಮಾಡಿಸಿದೆವು.

ಇಬ್ಬರು ಎಂಜಿನಿಯರ್‌ಗಳು ನಾಲ್ಕು ದಿನ ಲೈನ್ ಹಿಡಿದು ನಡೆದರು. ಆಮೇಲೆ ಕಂಪ್ಯೂಟರಿನಲ್ಲಿ ಲೆಕ್ಕ. ಕೊಟ್ಟ ದುಡ್ಡಿಗೆ ಬೆಲೆ ಬಂದಿದ್ದು ಆ ನಡಿಗೆಯಿಂದಲೇ.

ಬಾಯ್ಲರಿನಿಂದ ಟರ್ಬೈನಿಗೆ ಹೋಗುವ ಸ್ಟೀಮ್ ಲೈನಿನ ಒಂದು ಸ್ಪ್ರಿಂಗ್ ಹ್ಯಾಂಗರಿನಲ್ಲಿ (ಪೈಪನ್ನು ಸ್ಪ್ರಿಂಗಿನಿಂದ ತೂಗುಹಾಕುವ ಸಪೋರ್ಟ್) ಲಾಕ್ ಪಿನ್ ಹಾಗೇ ಇತ್ತು. ನೀರು ತುಂಬಿ ಪ್ರೆಷರ್ ಟೆಸ್ಟ್ ಮಾಡುವಾಗ ಸ್ಪ್ರಿಂಗ್ ಕುಗ್ಗದಿರಲಿ ಎಂದು ಹಾಕುವ ಪಿನ್ ಅದು. ಲೈನ್ ಚಾಲೂ ಮಾಡುವ ಮುಂಚೆ ತೆಗೆಯಬೇಕು, ಇಲ್ಲದಿದ್ದರೆ ಸ್ಪ್ರಿಂಗ್ ಅಲುಗಾಡುವುದೇ ಇಲ್ಲ. "ಸಾಹೇಬ್ರ, ನಾ ಕೆಲ್ಸಕ್ಕ ಬಂದಾಗಿಂದ ಅದು ಹಂಗ ಐತ್ರಿ" ಅಂದರು ನಮ್ಮ ಹಿರಿಯ ಫಿಟರ್. ಅಷ್ಟು ವರ್ಷ ಅದರ ಕೆಳಗೇ ಓಡಾಡಿದ್ದೇವೆ. ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ.

ಇನ್ನೊಂದು ತೊಂದರೆ ಸಿಕ್ಕಿದ್ದು ಕಾಕಂಬಿ ಟ್ಯಾಂಕಿನ ಹತ್ತಿರ. ವೆಲ್ಡ್ ಮಾಡಿದ ಉಕ್ಕಿನ ಪೈಪು ಬರೀ ಅಲುಗಾಟಕ್ಕೆ ಸುಲಭವಾಗಿ ಮುರಿಯುವುದಿಲ್ಲ. ಅದರ ಎರಡು ತುದಿ ಬೇರೆ ಬೇರೆ ಕಡೆ ಸರಿದಾಗ ಅಪಾಯ ಜಾಸ್ತಿ. ನಮ್ಮಲ್ಲಿ ಟ್ಯಾಂಕಿನಿಂದ ಪಂಪಿಗೆ ಗಿಡ್ಡ, ನೇರ ಪೈಪು. ಕಾಕಂಬಿ ನೀರಿಗಿಂತ ಸುಮಾರು 1.4 ಪಟ್ಟು ಭಾರ. ಟ್ಯಾಂಕು ಎರಡು ಬೆರಳು ಸರಿದರೂ ನಾಜಲ್, ಅಂದರೆ ಪೈಪು ಟ್ಯಾಂಕಿಗೆ ಸೇರುವ ಬಾಯಿ, ಕಿತ್ತು ಬರಬಹುದು. ನಡುವೆ ಬಳುಕುವ ಲೋಹದ ಹೋಸ್ ಹಾಕಿಸಿದೆವು. ಇವತ್ತಿನವರೆಗೂ ಒಂದು ಹನಿ ಸೋರಿಲ್ಲ.

ಸ್ಟೀಮ್ ಲೈನನ್ನು ಎಲ್ಲ ಕಡೆ ಬಿಗಿ ಮಾಡಿದರೆ ಆಯ್ತಲ್ವಾ ಎಂದು ಕೇಳಿದ್ದೆ. ಆಗುವುದಿಲ್ಲ. ಉಕ್ಕು ಪ್ರತಿ 100 ಡಿಗ್ರಿಗೆ ಮೀಟರಿಗೆ ಸುಮಾರು 1.2 ಮಿ.ಮೀ. ಹಿಗ್ಗುತ್ತದೆ. 400 ಡಿಗ್ರಿ ಹಬೆಯ 40 ಮೀಟರ್ ಲೈನು ಹತ್ತಿರ ಹತ್ತಿರ ಒಂದು ಗೇಣು ಬೆಳೆಯುತ್ತದೆ. ಅದಕ್ಕೆ ಜಾಗ ಬೇಕು, ಭೂಕಂಪಕ್ಕೆ ಹಿಡಿತವೂ ಬೇಕು. ಹಾಗಾಗಿ ಎರಡು ಸ್ನಬ್ಬರ್ ಕೂರಿಸಿದರು, ಎಣ್ಣೆ ತುಂಬಿದ ಒಂಥರಾ ಶಾಕ್ ಅಬ್ಸಾರ್ಬರ್. ನಿಧಾನವಾಗಿ ಹಿಗ್ಗಿದರೆ ಬಿಡುತ್ತದೆ, ಜರ್ಕ್ ಬಂದರೆ ಗಟ್ಟಿ ಹಿಡಿಯುತ್ತದೆ. ಕಳೆದ ವರ್ಷ ಒಂದರ ಸೀಲ್ ಹೋಗಿ ಎಣ್ಣೆ ಸೋರಿತು. ಪ್ರತಿ ವರ್ಷ ನೋಡಲೇಬೇಕು, ಸುಮ್ನೆ ಹಾಕಿ ಮರೆಯುವ ವಸ್ತುವಲ್ಲ.

ಬೇಸರವೂ ಇದೆ. ಮೊದಲ ಲೆಕ್ಕವನ್ನು ನಮ್ಮ ಹಳೆಯ ಡ್ರಾಯಿಂಗ್ ನೋಡಿಯೇ ಮಾಡಿದ್ದರು. ಅದರಲ್ಲಿದ್ದ ಒಂದು ಸಪೋರ್ಟ್ ಜಾಗದಲ್ಲಿ ಇರಲೇ ಇಲ್ಲ! ನಾಲ್ಕು ದಿನ ಕಣ್ಣಾರೆ ನೋಡಿದವರು ಕಾಗದ ನಂಬಬಾರದಿತ್ತು. ತಿದ್ದಿ ಕೊಡಲು ಎರಡು ತಿಂಗಳು ಹಿಡಿಯಿತು. ರಿಪೋರ್ಟ್ ಪೂರ್ತಿ ಇಂಗ್ಲಿಷಿನಲ್ಲಿ. ಫಿಟರುಗಳಿಗಾಗಿ ನಾನೇ ಕೂತು ಕನ್ನಡದಲ್ಲಿ ಪಟ್ಟಿ ಬರೆದೆ.

5ಕ್ಕೆ 4 ಕೊಡುತ್ತೇನೆ. ಕರೆಸುವವರು ಹಂಗಾಮು ಮುಗಿದ ಮೇಲೆ ಕರೆಸಿ. ಸಪೋರ್ಟ್ ಇರುವ ಕಡೆ ಇನ್ಸುಲೇಶನ್ ಮೊದಲೇ ಬಿಚ್ಚಿಸಿಡಿ, ನಮಗೆ ಅದರಲ್ಲೇ ಒಂದು ದಿನ ಹೋಯಿತು. ಹಳೆಯ ಫಿಟರ್ ಒಬ್ಬರನ್ನು ನಾಲ್ಕೂ ದಿನ ಅವರ ಜೊತೆಗೇ ಕಳಿಸಿ.