ಥೀಮ್ ಪಾರ್ಕ್ ಕೆಲಸಕ್ಕೆ ಏಜೆನ್ಸಿ ಮೂಲಕ ಸೇರುವವರು ದಯವಿಟ್ಟು ಓದಿ

ರಜೆ ಸೀಸನ್ ಬಂತು ಅಂದರೆ ಬೆಂಗಳೂರು ಸುತ್ತಮುತ್ತಲಿನ ಪಾರ್ಕ್‌ಗಳಿಗೆ ಹುಡುಗ ಹುಡುಗಿಯರನ್ನು ಸೇರಿಸಲು ಏಜೆನ್ಸಿಗಳು ಓಡಾಡುತ್ತವೆ. ನಾನೂ ಹಾಗೇ ಸೇರಿದ್ದೆ. ನನಗಾದ ಮೋಸ ಇನ್ನೊಬ್ಬರಿಗೆ ಆಗಬಾರದು, ಅದಕ್ಕೇ ಬರೆಯುತ್ತಿದ್ದೇನೆ.

ಕೆಲಸದ ಬಗ್ಗೆ ನನಗೆ ದೂರಿಲ್ಲ. ತುಂಬಾ ಇಷ್ಟಪಟ್ಟು ಮಾಡಿದ್ದೆ. ಬೆಳಿಗ್ಗೆ ಗೇಟ್ ತೆಗೆಯುವ ಮೊದಲು ಖಾಲಿ ರೈಡ್ ಓಡಿಸಿ ನೋಡುತ್ತಿದ್ದೆವು. ಆಮೇಲೆ ಪ್ರತಿ ಸೀಟಿನ ಲಾಕ್ ಎಳೆದು ನೋಡಿ, ಆಪರೇಟರ್‌ಗೆ ಕೈ ಎತ್ತಿ ತೋರಿಸಬೇಕು. ಎತ್ತರ ಸಾಲದ ಮಗುವನ್ನು ವಾಪಸ್ ಕಳಿಸಿದರೆ 'ಟಿಕೆಟ್‌ಗೆ ದುಡ್ಡು ಕೊಟ್ಟಿಲ್ವಾ?' ಅಂತ ಅಪ್ಪ ಅಮ್ಮ ಬೈಯುತ್ತಾರೆ. ಬೈಸಿಕೊಂಡರೂ ಬಿಡಬಾರದು, ಮಗುವಿನ ಜೀವ ಅದು. ಮಕ್ಕಳು ಇಳಿದು 'ಅಕ್ಕಾ, ಇನ್ನೊಂದ್ ಸಲ' ಅಂತ ಮತ್ತೆ ಓಡಿ ಬಂದರೆ ಬಿಸಿಲು, ಕಾಲು ನೋವು ಎಲ್ಲ ಮರೆತುಹೋಗುತ್ತಿತ್ತು.

ಮೋಸ ಆಗಿದ್ದು ದುಡ್ಡಿನಲ್ಲಿ. ಯೂನಿಫಾರ್ಮ್ ಡೆಪಾಸಿಟ್ ಅಂತ 3,000 ರೂಪಾಯಿ ತೆಗೆದುಕೊಂಡರು. ರಸೀದಿ ಇಲ್ಲ. ಸಂಬಳದಲ್ಲಿ ಪಿಎಫ್ (ಭವಿಷ್ಯ ನಿಧಿ), ಇಎಸ್‌ಐ (ಕಾರ್ಮಿಕರ ಆರೋಗ್ಯ ವಿಮೆ) ಅಂತ ಪ್ರತಿ ತಿಂಗಳೂ ಹಿಡಿದರು. ಸಾಮಾನ್ಯವಾಗಿ 12% ಪಿಎಫ್ ಹಿಡಿಯುತ್ತಾರೆ ಅಲ್ವಾ, ನಮ್ಮಲ್ಲಿ ಯಾರಿಗೂ ಅನುಮಾನ ಬರಲಿಲ್ಲ.

ಒಂದು ದಿನ ವೇವ್ ಪೂಲ್ ಹತ್ತಿರ ಒದ್ದೆ ನೆಲದಲ್ಲಿ ಜಾರಿ ಕಾಲು ಉಳುಕಿತು. ಇಎಸ್‌ಐ ಆಸ್ಪತ್ರೆಗೆ ಹೋದೆ. ಕೌಂಟರ್‌ನಲ್ಲಿ ಕಂಪ್ಯೂಟರ್ ನೋಡಿ 'ನಿಮ್ಮ ಹೆಸರೇ ಇಲ್ವಲ್ಲಮ್ಮ' ಅಂದರು. ಹೆಸರೇ ಇಲ್ಲ! ಹಿಂದೆ ಅಷ್ಟು ಜನ ಕ್ಯೂನಲ್ಲಿ ನೋಡುತ್ತಿದ್ದಾರೆ, ನಾನು ಕುಂಟುತ್ತಾ ಪಕ್ಕಕ್ಕೆ ಸರಿದೆ. ನಾಚಿಕೆಯಿಂದ ಅಳು ಬಂತು. ಅಲ್ಲೇ ಕೂತು ಸರ್ಕಾರದ ಉಮಂಗ್ ಆ್ಯಪ್‌ನಲ್ಲಿ ಪಿಎಫ್ ಪಾಸ್‌ಬುಕ್ ತೆಗೆದೆ. ಹಳೆ ಕೆಲಸದ ದುಡ್ಡು ಮಾತ್ರ ಇತ್ತು. ಇವರು ಒಂದು ರೂಪಾಯಿಯನ್ನೂ ಕಟ್ಟಿರಲಿಲ್ಲ.

ಏಜೆನ್ಸಿಯವರಿಗೆ ಫೋನ್ ಮಾಡಿದರೆ 'ಅಪ್‌ಡೇಟ್ ಆಗುತ್ತಮ್ಮ, ಸುಮ್ನೆ ಟೆನ್ಷನ್ ಮಾಡ್ಕೋಬೇಡ.' ಮತ್ತೆ ಮಾಡಿದರೆ 'ಸೀಸನ್ ಮುಗೀಲಿ.' ಆಮೇಲೆ 'ಇಷ್ಟ ಇಲ್ದಿದ್ರೆ ಬಿಡು, ನಿನ್ ಜಾಗಕ್ಕೆ ಬೇಕಾದಷ್ಟು ಜನ ಇದ್ದಾರೆ.' ಬಿಟ್ಟೆ. ಕೊನೆ ತಿಂಗಳ ಸಂಬಳವೂ ಬರಲಿಲ್ಲ, ಡೆಪಾಸಿಟ್ಟೂ ಬರಲಿಲ್ಲ. 'ಟೀ ಶರ್ಟ್ ಹಳೇದಾಗಿದೆ, ಅದಕ್ಕೇ ಕಟ್' ಅಂತೆ! ಬಿಸಿಲಲ್ಲಿ ದಿನಾ ಹಾಕಿಕೊಂಡರೆ ಹಳೆಯದಾಗದೆ ಇನ್ನೇನಾಗುತ್ತದೆ?

ಪಾರ್ಕ್‌ನ ಎಚ್‌ಆರ್ ಹತ್ತಿರ ಹೋದೆ. 'ನೀವು ನಮ್ಮ ಸ್ಟಾಫ್ ಅಲ್ಲ, ಏಜೆನ್ಸಿಯವರನ್ನ ಕೇಳಿ.' ಎದೆ ಮೇಲೆ ಅವರದೇ ಪಾರ್ಕ್ ಹೆಸರು ಹಾಕಿಕೊಂಡು ದುಡಿದಿದ್ದೇನೆ. ದುಡಿಸುವಾಗ ಅವರ ಸ್ಟಾಫ್, ದುಡ್ಡು ಕೇಳಿದರೆ ಅಲ್ಲ. ಈ ಮಾತು ಮಾತ್ರ ನಾನು ಮರೆಯುವುದಿಲ್ಲ. ಗುತ್ತಿಗೆದಾರ ಸಂಬಳ ಕೊಡದಿದ್ದರೆ ಕೆಲಸ ಮಾಡಿಸಿಕೊಂಡ ಕಂಪನಿಯೇ ಕೊಡಬೇಕು ಅಂತ ಕಾನೂನಿದೆ. ಹಿಡಿದ ಪಿಎಫ್ ಕಟ್ಟದಿರುವುದು ಅಪರಾಧ. ಕಾರ್ಮಿಕ ಇಲಾಖೆಗೂ ಪಿಎಫ್ ಕಚೇರಿಗೂ ದೂರು ಕೊಟ್ಟಿದ್ದೇನೆ. ಈಗ ಏಜೆನ್ಸಿಯವರೇ ಫೋನ್ ಮಾಡಿ 'ಅರ್ಧ ಕೊಡ್ತೀವಿ, ದೂರು ವಾಪಸ್ ತಗೋ' ಅನ್ನುತ್ತಿದ್ದಾರೆ. ನಾನು ತೆಗೆದುಕೊಳ್ಳುವುದಿಲ್ಲ.

ಸೇರುವವರು ಆಫರ್ ಲೆಟರ್ ಇಲ್ಲದೆ ಸೇರಬೇಡಿ. ಇಎಸ್‌ಐ ನಂಬರ್ ಮೊದಲ ತಿಂಗಳೇ ಕೇಳಿ. ಪಿಎಫ್ ಅನ್ನು ಮುಂದಿನ ತಿಂಗಳು 15ರೊಳಗೆ ಕಟ್ಟಬೇಕು, ಅದಾದ ಮೇಲೆ ಪಾಸ್‌ಬುಕ್ ನೀವೇ ನೋಡಿ, ಅವರ ಬಾಯಿಮಾತು ನಂಬಬೇಡಿ. ಡೆಪಾಸಿಟ್ ಕೇಳಿದರೆ ಅಲ್ಲಿಂದಲೇ ಎದ್ದು ಬನ್ನಿ.