ಬಾತ್, ಬುಡಾಪೆಸ್ಟ್, ಪಮುಕ್ಕಲೆ: ಬಿಸಿನೀರಿನ ಊರುಗಳಲ್ಲಿ ಯಾವುದನ್ನು ನೋಡಬೇಕು?

ಮೂರೂ ಊರು ಸುತ್ತಿದ ಮೇಲೆ ಹೇಳುತ್ತಿದ್ದೇನೆ. ಬಿಸಿನೀರಿನ ಬುಗ್ಗೆ ಒಂದು ಊರನ್ನು ಹೇಗೆ ಸಾಕುತ್ತದೆ ಅಂತ ನೋಡಬೇಕಾದರೆ ಟರ್ಕಿಯ ಪಮುಕ್ಕಲೆಗೆ ಹೋಗಿ. ಸುಮ್ನೆ ಬಿಸಿನೀರಲ್ಲಿ ಕೂತು ಬರುವ ಆಸೆಯಿದ್ದರೆ ಹಂಗೇರಿಯ ಬುಡಾಪೆಸ್ಟ್ ಸಾಕು. ಇಂಗ್ಲೆಂಡಿನ ಬಾತ್‌ಗೆ ಎರಡರಲ್ಲೂ ಮೊದಲ ಸ್ಥಾನ ಕೊಡಲಾರೆ, ಹಾಗಂತ ಬಿಟ್ಟುಬಿಡಿ ಅಂತಲೂ ಹೇಳಲಾರೆ.

ಬಾತ್‌ನಲ್ಲಿ ಸುಮಾರು 46 ಡಿಗ್ರಿ ಬಿಸಿಯ ನೀರು ದಿನಕ್ಕೆ 11 ಲಕ್ಷ ಲೀಟರ್‌ಗೂ ಜಾಸ್ತಿ ಉಕ್ಕುತ್ತದೆ. ರೋಮನ್ನರು ಬರುವ ಮೊದಲೇ ಅಲ್ಲಿ ಸುಲಿಸ್ ಅನ್ನೋ ದೇವತೆ ಇದ್ದಳು. ಅವರು ಅವಳನ್ನು ಓಡಿಸಲಿಲ್ಲ, ತಮ್ಮ ಮಿನರ್ವಾ ಜೊತೆ ಸೇರಿಸಿಕೊಂಡು ಊರಿಗೂ ಆಕ್ವೇ ಸುಲಿಸ್ ಅಂತ ಅವಳ ಹೆಸರನ್ನೇ ಇಟ್ಟರು. ನನಗೆ ಇಷ್ಟವಾಗಿದ್ದು ಮ್ಯೂಸಿಯಂನಲ್ಲಿರುವ ಶಾಪದ ತಗಡುಗಳು. ಸ್ನಾನಕ್ಕೆ ಬಂದವರ ವಸ್ತು ಕಳುವಾದರೆ ತೆಳು ಸೀಸದ ಹಾಳೆಯ ಮೇಲೆ ದೂರು ಕೊರೆದು ಬುಗ್ಗೆಗೆ ಎಸೆಯುತ್ತಿದ್ದರು. ಒಬ್ಬನಂತೂ ತನ್ನ ಎರಡು ಕೈಗವಸು ಕದ್ದವನಿಗೆ ಬುದ್ಧಿ ಕೆಡಲಿ, ಕಣ್ಣು ಹೋಗಲಿ ಅಂತ ಬೇಡಿದ್ದಾನೆ! ಕೈಗವಸಿಗೆ ಇಷ್ಟೊಂದು ಸಿಟ್ಟಾ ಅನ್ನಿಸಿತು.

ಆದರೆ ಅಲ್ಲಿನ ರೋಮನ್ ಸ್ನಾನದ ಕೊಳದ ಹಸಿರು ನೀರಿಗೆ ಇಳಿಯುವ ಹಾಗಿಲ್ಲ. ಮೇಲಿನ ಚಾವಣಿ ಹೋಗಿ ಬಿಸಿಲು ಬೀಳುವುದರಿಂದ ಪಾಚಿ ಬೆಳೆದು ಆ ಬಣ್ಣ. 1978ರಲ್ಲಿ ಅದೇ ಬುಗ್ಗೆಯ ನೀರಲ್ಲಿ ಈಜಿದ ಹುಡುಗಿಯೊಬ್ಬಳು ಅಮೀಬಾ ಸೋಂಕಿನಿಂದ ತೀರಿಕೊಂಡ ಮೇಲೆ ಸ್ನಾನ ನಿಂತುಹೋಯಿತು. ಈಗ ಮೈ ಒದ್ದೆ ಮಾಡಿಕೊಳ್ಳಬೇಕೆಂದರೆ 2006ರಲ್ಲಿ ತೆರೆದ ಹೊಸ ಸ್ಪಾ ಕಟ್ಟಡವೇ ಗತಿ.

ಬುಡಾಪೆಸ್ಟ್ ಇದಕ್ಕೆ ಪೂರ್ತಿ ಉಲ್ಟಾ. ಅಲ್ಲಿ ಮ್ಯೂಸಿಯಂನ ಗಾಜಿನ ಪೆಟ್ಟಿಗೆ ಕಮ್ಮಿ, ನೀರು ಜಾಸ್ತಿ. ಮೊದಲು ರೋಮನ್ನರ ಆಕ್ವಿಂಕಮ್ ಅನ್ನೋ ಊರು, ಆಮೇಲೆ ತುರ್ಕರು, ಆಮೇಲೆ ಕೊಳವೆಬಾವಿ. ಸೆಚೆನಿ ಸ್ನಾನಗೃಹ ದೊಡ್ಡದು, ಹಳದಿ ಅರಮನೆ ಇದ್ದ ಹಾಗಿದೆ. ನೀರಲ್ಲೇ ನಿಂತು ಚೆಸ್ ಆಡುವ ಗಂಡಸರು ಸಿಗುತ್ತಾರೆ. ಆದರೆ ಅದು 1913ರದ್ದು, ನೀರೂ ತಾನಾಗಿ ಉಕ್ಕಿದ್ದಲ್ಲ, ಆಳಕ್ಕೆ ಕೊರೆದು ತಂದದ್ದು. ಇತಿಹಾಸ ಬೇಕೆಂದರೆ ರುಡಾಸ್ ಸ್ನಾನಗೃಹ ನೋಡಿ. 16ನೇ ಶತಮಾನದ ತುರ್ಕಿ ಗುಮ್ಮಟ, ಎಂಟು ಕಂಬ, ನಡುವೆ ಎಂಟು ಮೂಲೆಯ ಕೊಳ. ಗುಮ್ಮಟದ ಪುಟ್ಟ ತೂತುಗಳಿಗೆ ಬಣ್ಣದ ಗಾಜು ಹಾಕಿದ್ದಾರೆ, ಅಲ್ಲಿಂದ ಬೆಳಕಿನ ಕೋಲು ನೇರ ಹಬೆಯೊಳಗೆ ಇಳಿಯುತ್ತದೆ.

ಇನ್ನು ಪಮುಕ್ಕಲೆ. ಬಿಸಿನೀರಿನ ಸುಣ್ಣ ಗಟ್ಟಿಯಾಗಿ ಆದ ಬಿಳಿ ಮೆಟ್ಟಿಲುಗಳನ್ನು ಎಲ್ಲರೂ ಫೋಟೋದಲ್ಲಿ ನೋಡಿರುತ್ತಾರೆ. ಅವುಗಳ ಮೇಲೆಯೇ ಹಿಯರಾಪೊಲಿಸ್ ಅನ್ನೋ ಇಡೀ ಪಾಳು ಊರಿದೆ, ಬಹಳ ಜನ ಅತ್ತ ತಲೆಯೇ ಹಾಕುವುದಿಲ್ಲ. ಕ್ರಿ.ಪೂ. 2ನೇ ಶತಮಾನದ ಊರು ಅದು. ಇಲ್ಲಿ ನೀರು ಸ್ನಾನಕ್ಕೆ ಮಾತ್ರ ಅಲ್ಲ. ಸುಣ್ಣ ತುಂಬಿದ ಆ ನೀರನ್ನು ಕಾಲುವೆಯಲ್ಲಿ ಹರಿಸಿದರೆ ಅಂಚು ತಾನಾಗಿ ಕಲ್ಲುಗಟ್ಟುತ್ತದೆ. ತೋಟಕ್ಕೆ ಬೇಲಿ ಹಾಕೋಕೂ ಜನ ಇದನ್ನೇ ಬಳಸಿದರು. ಉಣ್ಣೆಗೆ ಬಣ್ಣ ಹಾಕೋಕೂ ಈ ನೀರು ಚೆನ್ನ ಅಂತ ಹೆಸರಾಗಿತ್ತು. ನೆಲದ ಬಿರುಕಿನಿಂದ ಬರುವ ಇಂಗಾಲದ ಡೈಆಕ್ಸೈಡ್ ತುಂಬಿದ ಒಂದು ಗುಹೆಯನ್ನು ಪಾತಾಳದ ಬಾಗಿಲು ಅಂತ ಪೂಜಿಸುತ್ತಿದ್ದರು. ಗ್ರೀಕ್ ಭೂಗೋಳಕಾರ ಸ್ಟ್ರಾಬೊ ಅದರೊಳಗೆ ಗುಬ್ಬಿಗಳನ್ನು ಎಸೆದು ನೋಡಿದ, ತಕ್ಷಣ ಸತ್ತು ಬಿದ್ದವು.

ಬಿಳಿ ಮೆಟ್ಟಿಲ ಮೇಲೆ ಚಪ್ಪಲಿ ಬಿಚ್ಚಿಯೇ ನಡೆಯಬೇಕು. ಒಂದು ಕಾಲಕ್ಕೆ ಮೇಲೆಯೇ ಹೋಟೆಲ್‌ಗಳನ್ನು ಕಟ್ಟಿ ನೀರೆಳೆದು ಆ ಬಿಳುಪನ್ನೇ ಕೆಡಿಸಿದ್ದರಂತೆ, ಆಮೇಲೆ ಅವನ್ನು ಕೆಡವಿದರು. ಒಳ್ಳೇದಾಯಿತು ಬಿಡಿ.

ಹೋಗುವವರು ಉತ್ತರದ ಗೇಟಿನಿಂದ ಒಳಗೆ ಹೋಗಿ. ಮೊದಲು ಗೋರಿಗಳು ಸಿಗುತ್ತವೆ. ನೂರಾರು ಕಲ್ಲಿನ ಶವಪೆಟ್ಟಿಗೆ, ಕೆಲವು ಅರ್ಧ ಸುಣ್ಣದಲ್ಲಿ ಹೂತುಹೋಗಿವೆ. ಆಮೇಲೆ ಬೀದಿ, ಥಿಯೇಟರ್, ಕೊನೆಗೆ ಬಿಳಿ ಮೆಟ್ಟಿಲು. ಕೆಳಗಿನಿಂದ ಮೆಟ್ಟಿಲೇರಿ ಬಂದವರು ಅಲ್ಲೇ ಫೋಟೋ ತೆಗೆದು ಸುಸ್ತಾಗಿ ಗೋರಿಗಳ ತನಕ ಹೋಗುವುದೇ ಇಲ್ಲ.