ಅಮೋನಿಯಾ ಕಾರಂಜಿ ಕಿಟ್: ಸಾಮಾನು ಸರಿ, ಕೈಪಿಡಿ ಹಳಿ ತಪ್ಪಿದೆ

ಫ್ಲಾಸ್ಕ್ ತುಂಬ ಇರುವ ಅಮೋನಿಯಾ ಅನಿಲ ಡ್ರಾಪರ್ ಬಿಟ್ಟ ಕೆಲವು ಹನಿ ನೀರಿನಲ್ಲಿ ಕರಗಿ ಒಳಗಿನ ಒತ್ತಡ ಕುಸಿದರೆ, ಕೆಳಗಿನ ನೀರು ನಳಿಕೆಯಲ್ಲಿ ಕಾರಂಜಿಯಂತೆ ಚಿಮ್ಮುತ್ತದೆ; ಇದೇ ಅಮೋನಿಯಾ ಕಾರಂಜಿ. ಶಾಲಾ ಪ್ರಯೋಗಾಲಯಕ್ಕೆಂದು ಮಾರುವ ಈ ಕಿಟ್‌ನಲ್ಲಿ 500 ಮಿ.ಲೀ. ಫ್ಲಾಸ್ಕ್, ಎರಡು ತೂತಿನ ರಬ್ಬರ್ ಬಿರಡೆ, ಚೂಪು ತುದಿಯ ಗಾಜಿನ ನಳಿಕೆ, ಡ್ರಾಪರ್, ಫಿನಾಫ್ತಲೀನ್ (ಕ್ಷಾರದಲ್ಲಿ ಗುಲಾಬಿ ಬಣ್ಣಕ್ಕೆ ತಿರುಗುವ ಸೂಚಕ) ಮತ್ತು ರಾಸಾಯನಿಕಗಳ ಪೊಟ್ಟಣಗಳಿವೆ. ಫ್ಲಾಸ್ಕ್ ದುಂಡು ತಳದ್ದು, ಅದೇ ಸರಿ. ಒಳಗಿನ ಒತ್ತಡ ದಿಢೀರನೆ ಕುಸಿದಾಗ ಚಪ್ಪಟೆ ತಳದ್ದು ಒಡೆಯಬಹುದು.

ಪೊಟ್ಟಣದಲ್ಲಿರುವುದು 2 ಗ್ರಾಂ ಅಮೋನಿಯಂ ಕ್ಲೋರೈಡ್. ಫ್ಲಾಸ್ಕ್ ತುಂಬುವಷ್ಟು ಅಮೋನಿಯಾ ಪಡೆಯಲು ಲೆಕ್ಕಕ್ಕೆ 1.1 ಗ್ರಾಂ ಸಾಕು, ಆದರೆ ಗಾಳಿಯನ್ನು ಹೊರದಬ್ಬುವಾಗ ಅನಿಲವೂ ಅದರ ಜೊತೆ ಹೋಗುತ್ತದೆ. 4 ಗ್ರಾಂ ತೆಗೆದುಕೊಂಡು ಅಷ್ಟೇ ಅರಳಿದ ಸುಣ್ಣ ಬೆರೆಸಿ. ಕಾಯಿಸುವ ಪ್ರನಾಳದ ಬಾಯಿ ತುಸು ಕೆಳಮುಖವಾಗಿರಲಿ, ಇಲ್ಲದಿದ್ದರೆ ಹುಟ್ಟುವ ನೀರು ಕಾದ ಗಾಜಿಗೆ ಹಿಂದಕ್ಕೆ ಹರಿದು ಬಿರುಕು ಬಿಡುತ್ತದೆ. ಅನಿಲ ಒಣಗಿಸಲು ಕೈಪಿಡಿ ಹೇಳುವ ಕ್ಯಾಲ್ಸಿಯಂ ಕ್ಲೋರೈಡ್ ಬೇಡವೇ ಬೇಡ, ಅದು ಅಮೋನಿಯಾವನ್ನೇ ಹಿಡಿದುಕೊಳ್ಳುತ್ತದೆ. ಸುಟ್ಟ ಸುಣ್ಣ ಬಳಸಿ. ಬೋರಲು ಹಿಡಿದ ಫ್ಲಾಸ್ಕ್‌ನ ಬಾಯಲ್ಲಿ ಒದ್ದೆ ಕೆಂಪು ಲಿಟ್ಮಸ್ ನೀಲಿಯಾದ ಮೇಲೂ ತುಸು ಹೊತ್ತು ಅನಿಲ ಬಿಡಿ. ಫ್ಲಾಸ್ಕ್ ಪೂರ್ತಿ ಒಣಗಿರಬೇಕು: 20 ಡಿಗ್ರಿಯಲ್ಲಿ ನೀರು ತನ್ನ ಗಾತ್ರದ ಸುಮಾರು 700 ಪಟ್ಟು ಅಮೋನಿಯಾ ಕರಗಿಸಿಕೊಳ್ಳುತ್ತದೆ, ಗೋಡೆಗಂಟಿದ ಅರ್ಧ ಮಿ.ಲೀ. ನೀರೇ 350 ಮಿ.ಲೀ. ಅನಿಲ ನುಂಗಬಲ್ಲದು.

ಇಷ್ಟು ಕರಗುವ ಅನಿಲದ ಬಗ್ಗೆ ಕೈಪಿಡಿ ಬರೆದಿರುವುದೇನು? ‘ಅಮೋನಿಯಾ ನೀರಿನೊಡನೆ ವರ್ತಿಸುವುದರಿಂದ ಅದು ಕರಗುವ ಅನಿಲವಲ್ಲ’ ಎಂದು! ತೆಳುವಾದ (0.1 ಮೋಲಾರ್) ದ್ರಾವಣದಲ್ಲಿ ನೀರಿನೊಡನೆ ವರ್ತಿಸಿ ಅಯಾನುಗಳು (ವಿದ್ಯುದಾವೇಶವಿರುವ ಕಣಗಳು) ಆಗುವುದು ಶೇ. 1.3ರಷ್ಟು ಮಾತ್ರ, ಮಿಕ್ಕಿದ್ದು ಅಮೋನಿಯಾ ಅಣುವಾಗಿಯೇ ಇರುತ್ತದೆ. ಹೈಡ್ರೋಜನ್ ಕ್ಲೋರೈಡ್ ಬಹುತೇಕ ಪೂರ್ತಿ ಅಯಾನುಗಳಾದರೂ ಅದರ ವಿಲೀನತೆ (ಎಷ್ಟು ಕರಗುತ್ತದೆ ಎಂಬ ಅಳತೆ) ಎಲ್ಲ ಕೋಷ್ಟಕಗಳಲ್ಲೂ ಇದೆ, ಏಕೆಂದರೆ ಸಾಂದ್ರ ದ್ರಾವಣ ಕಾಯಿಸಿದರೆ ಅನಿಲ ವಾಪಸು ಬರುತ್ತದೆ. ನೋಡಬೇಕಾದ್ದು ಇದನ್ನೇ: ಕ್ರಿಯೆ ಹಿಮ್ಮುಖವಾಗಿ ಅದೇ ಅನಿಲ ಮರಳುತ್ತದೆಯೇ? ಮರಳಿದರೆ ಕರಗಿದೆ ಎನ್ನಲು ಅಡ್ಡಿಯಿಲ್ಲ. ಕರಗುವ ಅನಿಲದ ಪ್ರಮಾಣ ಅದರ ಒತ್ತಡಕ್ಕೆ ಅನುಪಾತದಲ್ಲಿರುತ್ತದೆ ಎನ್ನುವ ಹೆನ್ರಿ ನಿಯಮ ಮಾತ್ರ ಬದಲಾಗದೆ ಉಳಿದ ಅಣುಗಳಿಗಷ್ಟೇ ಅನ್ವಯಿಸುತ್ತದೆ, ಒಟ್ಟು ಕರಗಿದ್ದಕ್ಕಲ್ಲ. ನೈಟ್ರೋಜನ್ ಡೈಆಕ್ಸೈಡ್‌ನ ಕತೆ ಬೇರೆ. ಅದು ನೀರಿನಲ್ಲಿ ನೈಟ್ರಿಕ್ ಆಮ್ಲವಾಗಿ, ನೈಟ್ರಿಕ್ ಆಕ್ಸೈಡ್ ಎಂಬ ಇನ್ನೊಂದೇ ಅನಿಲವನ್ನು ಹೊರಬಿಡುತ್ತದೆ. ಕೈಪಿಡಿಯ ವಾಕ್ಯ ಅಲ್ಲಿಗೆ ಹೊಂದೀತು.

ಕಾರಂಜಿ ನಿಂತ ಮೇಲೆ ಉಳಿಯುವ ಗುಳ್ಳೆಯನ್ನು ಕೈಪಿಡಿ ‘ಕರಗದ ಅಮೋನಿಯಾ’ ಎನ್ನುತ್ತದೆ. ಅದು ಹೊರಹೋಗದೆ ಉಳಿದ ಗಾಳಿ. ಗುಳ್ಳೆ 50 ಮಿ.ಲೀ. ಮೀರಿದರೆ ಅನಿಲ ಸರಿಯಾಗಿ ತುಂಬಿಲ್ಲ, ಇಲ್ಲವೇ ಬಿರಡೆ ಸೋರುತ್ತಿದೆ. ಗಾಜಿನ ಸಾಮಾನಿಗಾಗಿ ಕೊಳ್ಳಬಹುದು. ಬಿರಡೆ ಬೇಗ ಸಡಿಲವಾಗುತ್ತದೆ, ಒಂದು ಹೆಚ್ಚುವರಿ ಇಟ್ಟುಕೊಳ್ಳಿ.